ಗಿರಿಜಾಳ ಪ್ರಸ್ಥಾನ

ರಿವರ್‌ಸೈಡಿನ ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಗಿರಿಜಾ ಯಾರು ಎಂದು ಕೇಳಿದರೆ ‘ಚಿದಾನಂದ ಅವರ ಮಿಸೆಸ್’ ಎನ್ನುತ್ತಿದ್ದರು. ಅವಳು ಪಾಠ ಹೇಳುವ ಶಾಲೆಯಲ್ಲಿ ಕೇಳಿದರೆ ‘ಜಾಗ್ರಫಿ ಟೀಚರ್’. ನೈರೋಬಿಯ ಕನ್ನಡದವರ ನಡುವೆ ಕೇಳಿದರೆ ‘ಹಬ್ಬಕ್ಕೆ ಪುಳಿಯೋಗರೆ ಮಾಡ್ಕೊಂಡು ಬರ್ತಾರಲ್ಲ, ಅವರು’. ಇಷ್ಟು ಹೇಳಿದರೆ ಆ ಹೆಂಗಸಿನ ವಿಷಯ ಮುಗಿಯಿತು ಎಂದು ಎಲ್ಲರೂ ತಿಳಿದಿದ್ದರು. ಅವರನ್ನು ದೂರಿ ಫಲವಿಲ್ಲ. ಗಿರಿಜಾ ಕೂಡ ಬಹಳ ವರ್ಷ ಹಾಗೇ ತಿಳಿದಿದ್ದಳು.

ಮೈಸೂರಿನಿಂದ ಮದುವೆಯಾಗಿ ಬಂದಾಗ ಗಂಡ ಚಿದಾನಂದ ಇಂಡಸ್ಟ್ರಿಯಲ್ ಏರಿಯಾದ ಒಂದು ಮಾತ್ರೆ ಕಾರ್ಖಾನೆಯಲ್ಲಿ ಚಿಕ್ಕ ಕೆಮಿಸ್ಟ್. ಈಗ ಅದೇ ಕಾರ್ಖಾನೆಗೆ ಮ್ಯಾನೇಜರ್. ಒಳ್ಳೆಯ ಮನುಷ್ಯನೇ. ಕುಡಿಯುವವನಲ್ಲ, ಕೂಗಾಡುವವನಲ್ಲ, ಹೆಂಡತಿಯ ಅಡುಗೆಗೆ ಹೆಸರಿಟ್ಟವನಲ್ಲ. ಅವನಿಗಿದ್ದದ್ದು ಒಂದೇ ಚಟ, ‘ನೋಡೋಣ’ ಎನ್ನುವುದು. ಮಸಾಯಿ ಮಾರಾಕ್ಕೆ ಹೋಗೋಣವೇ ಎಂದರೆ ನೋಡೋಣ. ಲಾಮುಗೆ? ನೋಡೋಣ. ಜಗಳವಾಡಿದ್ದರೆ ಗೆಲ್ಲಬಹುದಿತ್ತು. ನೋಡೋಣ ಎನ್ನುವವನ ಜೊತೆ ಜಗಳವಾಡಲು ಎಲ್ಲಿ ಹಿಡಿತ ಸಿಗುತ್ತದೆ?

ವಿಮಾನ ಹತ್ತಿದ್ದೇ ಇಲ್ಲವೆಂದಲ್ಲ. ಎರಡು ವರ್ಷಕ್ಕೊಮ್ಮೆ ಊರು. ಅತ್ತೆಯ ಕಣ್ಣಿನ ಆಪರೇಷನ್, ನಾದಿನಿಯ ಮಗನ ಮುಂಜಿ, ಮಾವನ ತಿಥಿ. ಪೆಟ್ಟಿಗೆಯ ತುಂಬ ಅವರಿವರಿಗೆ ಕೊಡಬೇಕಾದ ಚಹಾಪುಡಿ. ಇಳಿದ ತಕ್ಷಣ ಸೆರಗು ಸಿಕ್ಕಿಸಿ ಅಡುಗೆಮನೆಗೆ. ಅದನ್ನು ಪ್ರವಾಸವೆಂದು ಕರೆಯುವವರು ಕರೆದುಕೊಳ್ಳಲಿ. ಅದು ಡ್ಯೂಟಿ ಬದಲಾವಣೆ, ಅಷ್ಟೆ. ಯಾರೂ ಕಾಯುತ್ತಿರದ ಒಂದು ಊರಿಗೆ, ಯಾವ ಕಾರಣವೂ ಇಲ್ಲದೆ, ಒಮ್ಮೆ ಹೋಗಬೇಕು ಎಂಬುದು ಗಿರಿಜಾಳ ಆಸೆ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಹೇಳದಿದ್ದರೂ ವರ್ಷಕ್ಕೊಮ್ಮೆ ಅದು ಕರಿಹಲಗೆಯ ಮೇಲೆ ಬಂದುಬಿಡುತ್ತಿತ್ತು. ಕೆರಿಬಿಯನ್ ದ್ವೀಪಗಳ ಪಾಠ ಬಂದಾಗ ಬೇರೆ ದ್ವೀಪಗಳನ್ನೆಲ್ಲ ಚುಕ್ಕಿ ಇಟ್ಟು ಮುಗಿಸುತ್ತಿದ್ದವಳು ಸೇಂಟ್ ಲೂಸಿಯಾವನ್ನು ಮಾತ್ರ ನಿಧಾನವಾಗಿ ಬರೆಯುತ್ತಿದ್ದಳು. ಮಾವಿನಕಾಯಿಯ ಆಕಾರ. ಕೆಳಗೆ ಎಡಕ್ಕೆ ಎರಡು ಚೂಪು ಬೆಟ್ಟ. ಸುತ್ತ ಒಂದು ರಸ್ತೆ. ಹೆಣ್ಣೊಬ್ಬಳ ಹೆಸರಿನ ದೇಶ ಎಂದು ಮಕ್ಕಳಿಗೆ ಹೇಳುವಾಗ ಅವಳ ದನಿ ಸ್ವಲ್ಪ ಬದಲಾಗುತ್ತಿತ್ತು. ಪಾಠ ಮುಗಿದ ಮೇಲೂ ಅದನ್ನು ಒರೆಸಲು ಮನಸ್ಸು ಬರುತ್ತಿರಲಿಲ್ಲ.

ಎರಡು ಸಾವಿರದ ಆರನೆಯ ಇಸವಿಯ ಆರಂಭದಲ್ಲಿ, ಮಗಳು ಅಪೇಕ್ಷಾ ಯೂನಿವರ್ಸಿಟಿಗೆ ಸೇರಿದ ಖುಷಿಯಲ್ಲಿ, ಚಿದಾನಂದ ಬಾಯಿತಪ್ಪಿ, “ಈಸ್ಟರ್ ರಜೆಗೆ ಎಲ್ಲಾದ್ರೂ ಹೋಗೋಣ ಕಣೇ. ಎಲ್ಲಿಗೆ ಅಂತ ನೀನೇ ಹೇಳು,” ಎಂದ. ಮೊಂಬಾಸಾ ಎನ್ನುತ್ತಾಳೆ ಎಂದುಕೊಂಡಿದ್ದನೋ ಏನೋ.

“ಸೇಂಟ್ ಲೂಸಿಯಾ,” ಎಂದಳು ಗಿರಿಜಾ.

“ಅದ್ಯಾವ ಆಸ್ಪತ್ರೆ?”

ಅದು ಆಸ್ಪತ್ರೆಯಲ್ಲ ಎಂದು ತಿಳಿಸಿ, ನಕ್ಷೆ ತೋರಿಸಿ, ಅವನು ನೋಡೋಣ ಎನ್ನುವುದರೊಳಗೆ ಟಿಕೆಟ್ ಮಾಡಿಸುವ ಲವೀನಾಳ ಆಫೀಸಿಗೆ ಹೋಗಿ ಕೂತುಬಿಟ್ಟಳು. ಲವೀನಾ ಮಂಗಳೂರಿನ ಕ್ರಿಶ್ಚಿಯನ್ ಹುಡುಗಿ, ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಒಂದು ಕೋಣೆಯ ಟ್ರಾವೆಲ್ ಏಜೆನ್ಸಿ ನಡೆಸುತ್ತಿದ್ದಳು. ದ್ವೀಪದ ಹೆಸರು ಕೇಳಿ, “ಸಾಯ್ಬಾ, ದೇವರೇ! ಇಷ್ಟು ವರ್ಷಕ್ಕೆ ಒಬ್ಬರಾದ್ರೂ ಲಂಡನ್, ದುಬೈ ಬಿಟ್ಟು ಬೇರೆ ಕೇಳಿದ್ರಲ್ಲ ಮಾರಾಯ್ರೆ,” ಎಂದು ಕುರ್ಚಿ ಮುಂದಕ್ಕೆಳೆದುಕೊಂಡಳು.

ಯೋಜನೆ ಎಂದರೆ ಅದು ಯೋಜನೆ. ಊಟದ ಮೇಜಿನ ಮೇಲೆ ಡ್ರಾಯಿಂಗ್ ಶೀಟ್ ಹಾಸಿ ಗಿರಿಜಾ ದ್ವೀಪವನ್ನು ದೊಡ್ಡದಾಗಿ ಬರೆದಳು. ಕೆಳತುದಿಯಲ್ಲಿ ವ್ಯೂ ಫೋರ್, ವಿಮಾನ ಇಳಿಯುವ ಊರು. ಅಲ್ಲಿಂದ ಪಶ್ಚಿಮದ ದಂಡೆ ಹಿಡಿದು ಸೂಫ್ರಿಯೇರ್, ಗಂಧಕ ಕುದಿಯುವ ಬುಗ್ಗೆಗಳು, ಮೀನುಗಾರರ ಊರುಗಳು, ರಾಜಧಾನಿ ಕ್ಯಾಸ್ಟ್ರೀಸ್. ತುದಿ ಮುಟ್ಟಿ ಪೂರ್ವದ ದಂಡೆಯಲ್ಲಿ ಇಳಿದು ಮತ್ತೆ ವ್ಯೂ ಫೋರ್.

“ಎಲ್ಲರೂ ಏರ್‌ಪೋರ್ಟಿಂದ ಸೀದಾ ಪೂರ್ವದ ರೋಡಲ್ಲಿ ಮೇಲೆ ಹೋಗ್ತಾರೆ ಮೇಡಂ, ಹೋಟೆಲೆಲ್ಲ ಆಚೆ ತುದಿಯಲ್ಲಿ ಉಂಟು. ನೀವು ಉಲ್ಟಾ ಹಾಕಿದ್ದೀರಿ,” ಎಂದಳು ಲವೀನಾ.

“ಉಲ್ಟಾ ಅಲ್ಲಮ್ಮ, ಇದೇ ಸೀದಾ. ದ್ವೀಪ ಬಲಗಡೆ ಇರಬೇಕು, ಸಮುದ್ರ ಎಡಗಡೆ.”

“ದೇವಸ್ಥಾನಕ್ಕೆ ಸುತ್ತು ಬಂದ ಹಾಗಾ?”

“ಹೂಂ, ಪ್ರದಕ್ಷಿಣೆ. ಅಪ್ರದಕ್ಷಿಣೆ ಬರೋದು ಯಾವಾಗ ಅಂತ ಗೊತ್ತಲ್ಲ, ಅದೆಲ್ಲ ಬೇಡ. ಕಾರಿನಲ್ಲಿ ಎಡಗಡೆ ಕಿಟಕಿ ನನಗೆ.”

ಅಲ್ಲಿಯೂ ಕೀನ್ಯಾದ ಹಾಗೆ ಎಡಬದಿಯಲ್ಲೇ ಗಾಡಿ ಓಡಿಸುತ್ತಾರಂತೆ, ಡ್ರೈವರ್ ಬಲಕ್ಕೆ ಕೂರುತ್ತಾನಂತೆ. ಅಂದರೆ ಎಡಗಡೆಯ ಕಿಟಕಿಗೆ ಸುತ್ತು ಮುಗಿಯುವವರೆಗೂ ಸಮುದ್ರವೇ. ಇದನ್ನು ಕಂಡುಹಿಡಿದ ದಿನ ಗಿರಿಜಾ ಒಬ್ಬಳೇ ಅಡುಗೆಮನೆಯಲ್ಲಿ ನಿಂತು ನಕ್ಕಳು. ಮನೆಗೆಲಸದ ಸಿಲ್ವಿಯಾ ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ನೋಡಿ ತಾನೂ ನಕ್ಕಳು.

ತೊಡಕು ಬಂದದ್ದು ವಾರದಿಂದ. ವಿಮಾನ ಶುಕ್ರವಾರ. ಪ್ರಯಾಣ ಪಶ್ಚಿಮಕ್ಕೆ. ಶುಕ್ರವಾರ ಪಶ್ಚಿಮಕ್ಕೆ ಶೂಲ, ಹೊರಡಬಾರದು ಎಂದರು ಮೇಲಿನ ಮಹಡಿಯ ಶಾಂತಮ್ಮ. ಮೈಸೂರಿನವರೇ. ಗಂಡ ಇಲ್ಲಿ ಲೆಕ್ಚರರ್ ಆಗಿದ್ದು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಪಂಚಾಂಗ ನೋಡದೆ ಶಾಂತಮ್ಮ ಲಿಫ್ಟ್ ಕೂಡ ಹತ್ತುವುದಿಲ್ಲ ಎಂದು ಚಿದಾನಂದ ಗೇಲಿ ಮಾಡುತ್ತಿದ್ದ.

“ಅದಕ್ಕೇನು, ಗುರುವಾರ ಬೆಳಿಗ್ಗೆ ಪ್ರಸ್ಥಾನ ಇಡು,” ಎಂದರು ಶಾಂತಮ್ಮ. “ನಿಮ್ಮಮ್ಮ ಇಡ್ತಿರಲಿಲ್ವೇ?”

ಇಡುತ್ತಿದ್ದಳು. ಗಿರಿಜಾಗೆ ನೆನಪಿತ್ತು. ಅಪ್ಪ ಬೊಂಬಾಯಿಗೆ ಹೊರಡುವ ದಿನ ಸರಿಯಿಲ್ಲದಿದ್ದರೆ, ಒಳ್ಳೆಯ ಗಳಿಗೆ ನೋಡಿ ಮುಂಚೆಯೇ ಅವನ ಒಂದು ಪಂಚೆಯಲ್ಲಿ ಅಕ್ಕಿ, ಅರಿಸಿನದ ಕೊನೆ, ಅಡಿಕೆ ಕಟ್ಟಿ ಪಕ್ಕದ ಮನೆಯಲ್ಲಿ ಇಟ್ಟುಬರುವುದು. ಅಲ್ಲಿಗೆ ಅಪ್ಪ ಹೊರಟ ಹಾಗೇ ಲೆಕ್ಕ. ಆಮೇಲೆ ಅವನು ಮನೆಯಲ್ಲಿ ಉಂಡು ಮಲಗಿದರೂ ಪರವಾಗಿಲ್ಲ, ಪ್ರಯಾಣ ಶುರುವಾಗಿಬಿಟ್ಟಿರುತ್ತದೆ. ಹೊರಡುವ ದಿನ ಹಾದಿಯಲ್ಲಿ ಆ ಗಂಟು ಎತ್ತಿಕೊಂಡು ಹೋಗಬೇಕು. ಗಂಟು ಮಾತ್ರ ಮನೆಗೆ ವಾಪಸು ಬರಬಾರದು.

ಗುರುವಾರ ಬೆಳಿಗ್ಗೆ ಗಿರಿಜಾ ದಾರಿಗೆಂದು ತೆಗೆದಿಟ್ಟ ನೀಲಿ ಹತ್ತಿಸೀರೆಯಲ್ಲಿ ಅಕ್ಕಿ, ಅರಿಸಿನ, ಅಡಿಕೆ ಕಟ್ಟಿದಳು. “ನಿಮ್ಮದೊಂದು ಟವಲ್ ಕೊಡಿ ಅಂದ್ರೆ, ನಿಮ್ಮ ಪ್ರಸ್ಥಾನವನ್ನೂ ಇಟ್ಟುಬಿಡ್ತೀನಿ.”

“ನಾನು ವಿಮಾನದಲ್ಲೇ ಹೋಗ್ತೀನಮ್ಮ, ಟವಲ್‌ನಲ್ಲಿ ಅಲ್ಲ,” ಎಂದು ಚಿದಾನಂದ ಟೈ ಕಟ್ಟಿಕೊಂಡು ಕಾರ್ಖಾನೆಗೆ ನಡೆದ.

ಹೀಗಾಗಿ ಮೇಲಿನ ಮಹಡಿಗೆ ಹೋದದ್ದು ಗಿರಿಜಾಳ ಗಂಟು ಒಂದೇ. ಶಾಂತಮ್ಮ ಅದನ್ನು ದೇವರ ಮಂಟಪದ ಪಕ್ಕದ ಮಣೆಯ ಮೇಲೆ ಇರಿಸಿದರು. ಮೆಟ್ಟಿಲಿಳಿದು ಬರುವಾಗ ಗಿರಿಜಾಗೆ ಮೈ ಬಹಳ ಹಗುರವಾದಂತೆ ಅನಿಸಿತು. ಸಂತೋಷ ಎಂದುಕೊಂಡಳು.

ಶುಕ್ರವಾರ ಮಧ್ಯಾಹ್ನ ಚಿದಾನಂದನ ಫೋನ್ ಬಂತು. ಕಾರ್ಖಾನೆಗೆ ಸೋಮವಾರ ಇನ್‌ಸ್ಪೆಕ್ಷನ್. ಮ್ಯಾನೇಜರ್ ಇಲ್ಲದಿದ್ದರೆ ಆಗುವುದಿಲ್ಲ. ಲವೀನಾಗೆ ಅವನೇ ಹೇಳಿಬಿಟ್ಟಿದ್ದ, ಇಬ್ಬರ ಟಿಕೆಟ್ಟನ್ನೂ ಮುಂದಕ್ಕೆ ಹಾಕು ಎಂದು. “ಡಿಸೆಂಬರಲ್ಲಿ ನೋಡೋಣ ಕಣೇ.”

“ಆಗಲಿ,” ಎಂದಳು ಗಿರಿಜಾ. ಬೇರೆ ಏನಾದರೂ ಹೇಳುವುದು ಅವಳಿಗೆ ಅಭ್ಯಾಸವಿರಲಿಲ್ಲ. ಫೋನ್ ಇಟ್ಟು ಡ್ರಾಯಿಂಗ್ ಶೀಟನ್ನು ಸುರುಳಿ ಸುತ್ತಿದಳು. ಅಳು ಬಂತು, ಅತ್ತಳು. ಮುಖ ತೊಳೆದು ಚಪಾತಿಗೆ ಹಿಟ್ಟು ಕಲಸಿದಳು. ಸಂಜೆ ಚಪಾತಿ ಬೇಯಿಸುತ್ತಿದ್ದಾಗ ಕೆಳಗೆ ಟ್ಯಾಕ್ಸಿ ಬಂದು ನಿಂತ ಸದ್ದು, ಡಿಕ್ಕಿ ಮುಚ್ಚಿದ ಸದ್ದು, ಗೇಟ್ ಕಾಯುವ ವಿನ್ಸೆಂಟ್ ಯಾರಿಗೋ “ಸಫಾರಿ ನ್ಜೆಮಾ, ಮಾಮಾ!” ಎಂದು, ಅಂದರೆ ಸುಖಪ್ರಯಾಣ ಅಮ್ಮಾ ಎಂದು, ಶುಭ ಹೇಳಿದ್ದು ಕೇಳಿಸಿತು. ಯಾರೋ ಅದೃಷ್ಟವಂತರು ಹೊರಟರು ಎಂದುಕೊಂಡು ಚಪಾತಿ ಮಗುಚಿದಳು.

ಮರುದಿನ ಬೆಳಿಗ್ಗೆ ಬೀರುವಿನಲ್ಲಿ ನೋಡಿದರೆ ಪಾಸ್‌ಪೋರ್ಟ್ ಇಟ್ಟಿದ್ದ ಕೈಚೀಲ ಇರಲಿಲ್ಲ.

ಹುಡುಕುತ್ತಿದ್ದಾಗಲೇ ಸಿಲ್ವಿಯಾ ಬಂದಳು. ನೆಲ ಒರೆಸಿದಳು. ಗಿರಿಜಾ ಮಂಚದ ಮೇಲೆ ಕೂತಿದ್ದಂತೆಯೇ ಅವಳ ಕಾಲಿನ ಸುತ್ತ ಬಟ್ಟೆ ಆಡಿಸಿದಳು. ಎಂದಿನ ‘ಮಾಮಾ, ಕಾಲು’ ಎಂಬ ಮಾತಿಲ್ಲ. ಎಂದಿನ ಹಾಡೂ ಇಲ್ಲ; ಖಾಲಿ ಮನೆಯಲ್ಲಿ ಕೆಲಸ ಮಾಡುವವರ ಹಾಗೆ ರೇಡಿಯೋ ಜೋರಾಗಿ ಹಾಕಿಕೊಂಡಿದ್ದಳು. ಮುಗಿಸಿ ಹೊರಗಿನಿಂದ ಬೀಗ ಹಾಕಿಕೊಂಡು ಹೋದಳು. ಗಿರಿಜಾ ಒಳಗಿನಿಂದ ಬಾಗಿಲು ಬಡಿದಳು. ಸಿಲ್ವಿಯಾಳ ಚಪ್ಪಲಿ ಸದ್ದು ಒಂದು ಕ್ಷಣ ನಿಂತು, ಆಮೇಲೆ ಬೇಗಬೇಗ ಇಳಿದುಹೋಯಿತು.

ಮೊದಮೊದಲು ಇದರಲ್ಲಿ ಹೊಸದೇನೂ ಗಿರಿಜಾಗೆ ಕಾಣಲಿಲ್ಲ. ಮಾತಾಡಿಸಿದರೆ ಗಂಡ ಪೇಪರಿನ ಹಿಂದಿನಿಂದ ‘ಹಾಂ’ ಎನ್ನುತ್ತಿದ್ದ, ಮೊದಲೂ ಹಾಗೇ ಎನ್ನುತ್ತಿದ್ದ. ಮಗಳು ಕಿವಿಗೆ ವೈರ್ ಸಿಕ್ಕಿಸಿಕೊಂಡು ಪಕ್ಕದಿಂದ ಹಾದುಹೋಗುತ್ತಿದ್ದಳು, ಮೊದಲೂ ಹಾಗೇ ಹೋಗುತ್ತಿದ್ದಳು. ಸಂಸಾರದಲ್ಲಿ ಹೆಂಗಸು ಮಾಯವಾಗಿದ್ದಾಳೆ ಎಂದು ಕಂಡುಹಿಡಿಯುವುದು ಅಷ್ಟು ಸುಲಭವಲ್ಲ. ಸ್ವತಃ ಅವಳಿಗೇ ಸುಲಭವಲ್ಲ.

ಗೊತ್ತಾದದ್ದು ವೆಸ್ಟ್‌ಲ್ಯಾಂಡ್ಸ್ ಸ್ಟೇಜಿನಲ್ಲಿ. ಮಟಾಟು ನಿಲ್ಲುವ ಆ ಜಾಗದಲ್ಲಿ ಕಂಡಕ್ಟರ್ ಹುಡುಗರು ಯಾರನ್ನೂ ಸುಮ್ಮನೆ ಬಿಡುವುದಿಲ್ಲ. ನಡೆಯಲು ಬಂದವರನ್ನೂ ಕರೆಯುತ್ತಾರೆ, ಕಾರಿನಿಂದ ಇಳಿದವರನ್ನೂ ಕರೆಯುತ್ತಾರೆ. ‘ಟೌನ್ ಟೌನ್, ಮಾಮಾ ಟುವೆಂಡೆ, ಹೋಗೋಣ’ ಎಂದು ತೋಳಿಗೇ ಕೈ ಹಾಕುತ್ತಾರೆ. ಅಂದು ಗಿರಿಜಾ ಆ ಗದ್ದಲದ ನಡುವೆ ಕೊಡೆ ಹಿಡಿದು ನಿಂತಿದ್ದಳು. ಒಬ್ಬನೂ ಕರೆಯಲಿಲ್ಲ. ತಾನೇ ಹೋಗಿ ಒಂದು ಮಟಾಟು ಹತ್ತಿ ಕೂತಳು. ದಪ್ಪನೆಯ ಆಸಾಮಿಯೊಬ್ಬ ಬಂದು ಅವಳಿದ್ದ ಸೀಟಿನ ಮೇಲೇ ಕೂರಲು ಬಾಗಿದ. ಅವಳು ಚೀರಿ ಪಕ್ಕಕ್ಕೆ ಸರಿದಳು. ಬಸ್ಸಿನೊಳಗೆ ಯಾರೂ ತಿರುಗಿ ನೋಡಲಿಲ್ಲ. ಇಳಿದು ಮಾಲ್‌ಗೆ ಹೋದರೆ ತಾನಾಗಿಯೇ ತೆರೆಯುವ ಗಾಜಿನ ಬಾಗಿಲು ತೆರೆಯಲಿಲ್ಲ. ಹಿಂದಿನಿಂದ ಯಾರೋ ಬಂದ ಮೇಲೆ ಅವರ ಜೊತೆ ನುಸುಳಿದಳು. ನಡುಹಗಲು, ಕಣ್ಣು ಕುಕ್ಕುವಷ್ಟು ದೀಪ, ಜನವೋ ಜನ.

ಹೆದರಿ ಗಂಡನ ಕಾರ್ಖಾನೆಗೇ ಹೋಗಿ, ಸಂಜೆ ಅವನ ಕಾರಿನಲ್ಲಿ ಪಕ್ಕಕ್ಕೆ ಕೂತು ಬಂದಳು. ದಾರಿಯುದ್ದಕ್ಕೂ ತನಗಾದದ್ದನ್ನೆಲ್ಲ ಹೇಳಿದಳು. ಅವನು ವೈಪರ್ ಹಾಕಿಕೊಂಡು ಸುಮ್ಮನೆ ಓಡಿಸುತ್ತಿದ್ದ. ಗೇಟಿನ ಹತ್ತಿರ ವಿನ್ಸೆಂಟ್ ಕಿಟಕಿಗೆ ಬಾಗಿ, ಅವಳ ಮೈಮೇಲಿಂದಲೇ ಎಂಬಂತೆ, ಅವನನ್ನು ಕೇಳಿದ. “ಮಾಮಾ ಸುಖವಾಗಿ ತಲುಪಿದರಾ, ಬ್ವಾನಾ?”

“ಸವಾ, ಸವಾ. ತಲುಪಿದ್ದಾಳೆ,” ಎಂದ ಚಿದಾನಂದ.

ಮನೆಯಲ್ಲಿ ಅಪೇಕ್ಷಾ ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದಳು. “ಮಾಮ್ ಈಸ್ ಇನ್ ಸೇಂಟ್ ಲೂಸಿಯಾ, ಯಾ. ಆಲ್ ಬೈ ಹರ್‌ಸೆಲ್ಫ್. ಡ್ಯಾಡ್ ಕುಡಂಟ್ ಗೋ. ಐ ಆಮ್ ಸೋ ಪ್ರೌಡ್ ಆಫ್ ಹರ್.”

“ಅಪ್ಪೂ, ಇಲ್ಲೇ ಇದ್ದೀನಲ್ಲೇ,” ಎಂದು ಗಿರಿಜಾ ಅವಳ ಎರಡೂ ಭುಜ ಹಿಡಿದಳು. ಅಪೇಕ್ಷಾ ಚಳಿಯಾದವಳಂತೆ ತೋಳು ಉಜ್ಜಿಕೊಂಡು ಎದ್ದು ಕಿಟಕಿ ಮುಚ್ಚಿದಳು. ಮೇಜಿನ ಮೇಲೆ ಎರಡೇ ತಟ್ಟೆಗಳಿದ್ದವು.

ಗಿರಿಜಾ ಮೇಲಿನ ಮಹಡಿಗೆ ಓಡಿದಳು.

ಶಾಂತಮ್ಮ ಬಾಗಿಲು ತೆರೆದು ಅವಳನ್ನೇ ನೋಡಿ, “ಬಾ, ನೀನು ಬರ್ತೀಯ ಅಂತ ಗೊತ್ತಿತ್ತು,” ಎಂದರು. ತನ್ನ ಮುಖವನ್ನು ಒಬ್ಬರು ನೋಡಿದರಲ್ಲ ಎಂಬ ಒಂದೇ ಕಾರಣಕ್ಕೆ ಗಿರಿಜಾ ಹೊಸ್ತಿಲಲ್ಲೇ ಕೂತು ಅತ್ತಳು.

“ನಾನು ಹೇಗೆ ಕಾಣಿಸ್ತೀನಿ ಶಾಂತಮ್ಮ ನಿಮಗೆ?”

“ಗಂಟು ನನ್ನ ಮನೇಲಿದೆಯಲ್ಲಮ್ಮ, ಅದಕ್ಕೆ.” ಅವರು ಮಣೆಯತ್ತ ಕೈ ತೋರಿಸಿದರು. “ಮುಟ್ಟಿ ನೋಡು.”

ನೀಲಿ ಸೀರೆ ಒದ್ದೆಯಾಗಿತ್ತು. ಮೂಸಿದರೆ ಉಪ್ಪುನೀರಿನ ವಾಸನೆ, ಅದರಡಿಯಲ್ಲಿ ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ. ಆ ವಾಸನೆ ಬಂದದ್ದೇ ತಡ, ಗಿರಿಜಾಗೆ ಸೂಫ್ರಿಯೇರ್ ಕಾಣಿಸಿತು. ಕಲ್ಪನೆಯಲ್ಲ, ನೆನಪು. ಬುಗ್ಗೆಗಳ ಬೂದು ಕೆಸರು, ಕಬ್ಬಿಣದ ಕಂಬಿ ಬಿಸಿಯಾಗಿದ್ದದ್ದು, ಅಲ್ಲಿಂದ ಮುಂದೆ ತಿರುವಿನಲ್ಲಿ ಹೆಂಗಸೊಬ್ಬಳು ದೀವಿಹಲಸು ಸುಡುತ್ತಿದ್ದದ್ದು, ಅವಳು ಕೊಟ್ಟ ಹೋಳಿನ ಒಂದು ಬದಿ ಸೀದಿದ್ದದ್ದು. ಲವೀನಾ ಕೊಟ್ಟ ಯಾವ ಬ್ರೋಷರಿನಲ್ಲೂ ಇದು ಇರಲಿಲ್ಲ. ನಾಲಿಗೆಯ ಮೇಲೆ ಸೀದ ರುಚಿಯಿತ್ತು.

“ಕೈ ನೋಡಿಕೊಂಡೆಯಾ?” ಎಂದರು ಶಾಂತಮ್ಮ.

ನೈರೋಬಿಯಲ್ಲಿ ಒಂದೇ ಸಮನೆ ಮಳೆ. ಬಿಸಿಲು ಕಂಡೇ ಇರಲಿಲ್ಲ. ಆದರೆ ಗಿರಿಜಾಳ ಎಡತೋಳು ರವಿಕೆಯ ಅಂಚಿನವರೆಗೆ ಕಪ್ಪಾಗಿತ್ತು. ಎಡಗೆನ್ನೆ ಮುಟ್ಟಿದರೆ ಚುರುಗುಟ್ಟಿತು. ಬಲಗಡೆ ಎಂದಿನಂತೆ ಬೆಳ್ಳಗಿತ್ತು. ಎಡಗಡೆಯ ಕಿಟಕಿ, ಸಮುದ್ರದ ಕಡೆಯದು. ಅವಳೇ ಕೇಳಿ ಮಾಡಿಸಿಕೊಂಡದ್ದು.

ಶಾಂತಮ್ಮ ಕಾಫಿ ಕೊಟ್ಟು ಎದುರಿಗೆ ಕೂತರು. ಮಾತಾಡುವಾಗ ಅವರ ದನಿ ತಗ್ಗಿತ್ತು. “ನಮ್ಮ ಸೋದರತ್ತೆಯ ಗಂಡ ಒಬ್ಬರು ಹೀಗೇ ಮಾಡ್ಕೊಂಡಿದ್ರು. ಕಾಶಿಗೆ ಅಂತ ಪ್ರಸ್ಥಾನ ಇಟ್ಟು, ಯಾವುದೋ ಕೋರ್ಟು ಕೆಲಸ ಬಂತು ಅಂತ ಮನೇಲೇ ಉಳಿದರು. ಗಂಟು ಹೊರಟಾಗಿತ್ತಲ್ಲ, ಅದು ನಿಲ್ಲುತ್ಯೇ? ಆಮೇಲೆ ಅವರನ್ನ ಮನೇಲಿ ಯಾರೂ ಊಟಕ್ಕೆ ಕರೀಲಿಲ್ಲ. ಕಾಶಿಗೆ ಹೋಗಿದ್ದಾರೆ ಅಂತಲೇ ಎಲ್ಲರೂ ಮಾತಾಡ್ತಿದ್ದರು, ಅವರು ಅಲ್ಲೇ ಜಗಲಿ ಮೇಲೆ ಕೂತಿರೋರು. ಒಂದು ದಿನ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯ್ತು. ಅವರೇ ಎದ್ದು ಹೋಗಿ ತೆಗೆದರು. ಹೊರಗೆ ಯಾರೂ ಇರಲಿಲ್ಲ. ಅಲ್ಲಿಂದ ಎಲ್ಲ ಸರಿಹೋಯ್ತು.”

“ಹಾಗಾದ್ರೆ ನಾನೂ…”

“ಪೂರ್ತಿ ಕೇಳು. ಸರಿಹೋದ ಮೇಲೆ ಅವರು ಕಾಶಿ ಅನ್ನೋ ಮಾತೇ ಎತ್ತಲಿಲ್ಲ. ಎಲ್ಲಿಗೂ ಹೋಗಬೇಕು ಅಂತ ಅನ್ನಲಿಲ್ಲ. ಉಣ್ಣೋರು, ಮಲಗೋರು. ಏನೋ ಒಂದು ಒಳಗೆ ಆರಿಹೋಗಿತ್ತು ಅಂತ ನಮ್ಮತ್ತೆ ಹೇಳೋರು.”

ಗಿರಿಜಾ ಲೋಟ ಕೆಳಗಿಟ್ಟಳು. “ಬೇರೆ ಯಾರಾದ್ರೂ ಬಾಗಿಲು ತೆಗೆದಿದ್ರೆ?”

“ಆಗ ಒಳಗೆ ಬಂದವರೇ ಮನೆಯವರು. ನೀನು ಹೊರಟವಳು. ಹೊರಟೇ ಇರ್ತೀಯ.” ಶಾಂತಮ್ಮ ಅವಳ ಕಪ್ಪಾದ ತೋಳನ್ನು ಒಮ್ಮೆ ಸವರಿದರು. “ಸುತ್ತು ಮುಗಿಸಿ ಬಂದೇ ಬರ್ತಾಳೆ ಅವಳು, ಅಲ್ಲಿಗೆ ಹೋದ ಗಿರಿಜಾ. ಬೆಲ್ ಆದಾಗ ನೀನೇ ಹೋಗಿ ತೆಗಿ ಮಗಳೇ. ಗಂಡ, ಮಗಳು ಇರೋವಳು ನೀನು.”

ಆ ವಾರವೆಲ್ಲ ಗಿರಿಜಾ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಕಳೆದಳು. ಮನೆಯಲ್ಲಿ ಅವಳಿಲ್ಲದೆ ಎಲ್ಲ ನಡೆಯುತ್ತಿತ್ತು. ಅದೇ ಹೆಚ್ಚು ನೋವಿನ ಸಂಗತಿ. ಸಿಲ್ವಿಯಾ ಸುಕುಮಾ ಸೊಪ್ಪಿನ ಪಲ್ಯ ಮಾಡಿಟ್ಟು ಹೋಗುತ್ತಿದ್ದಳು, ಅಪ್ಪ ಮಗಳು ಟಿವಿ ನೋಡುತ್ತ ಅದನ್ನೇ ಉಣ್ಣುತ್ತಿದ್ದರು. ಇನ್‌ಸ್ಪೆಕ್ಷನ್ ಚೆನ್ನಾಗಿ ಆಯಿತಂತೆ. ಒಮ್ಮೆ ಮಾತ್ರ ಚಿದಾನಂದ ಬೀರು ತೆಗೆದು ಅವಳ ಸೀರೆಗಳನ್ನು ನೋಡುತ್ತ ತುಂಬ ಹೊತ್ತು ನಿಂತ. “ಒಬ್ಬಳೇ ಕಳಿಸಬಾರದಿತ್ತು,” ಎಂದ, ಯಾರಿಗೂ ಅಲ್ಲ. ಗಿರಿಜಾ ಎದ್ದು ಬಂದು ಅವನ ಬೆನ್ನಿಗೆ ಹಣೆ ಒತ್ತಿದಳು. ಇಷ್ಟು ವರ್ಷ ಜೊತೆಗಿದ್ದವನು. ಕೆಟ್ಟವನಲ್ಲ. ಬಾಗಿಲು ತೆಗೆಯಬೇಕು, ತಾನೇ ತೆಗೆಯಬೇಕು ಎಂದು ಆಗ ನಿಶ್ಚಯ ಮಾಡಿಕೊಂಡಳು.

ಇತ್ತ ಸುತ್ತು ಮುಗಿಯುತ್ತ ಬಂದಿತ್ತು. ಕೂತಲ್ಲೇ ಅವಳಿಗೆ ಗೊತ್ತಾಗುತ್ತಿತ್ತು. ಉತ್ತರದ ತುದಿ ದಾಟಿದ ದಿನ ಕಿವಿಯಲ್ಲಿ ಗಾಳಿ. ಪೂರ್ವದ ದಂಡೆಗೆ ತಿರುಗಿದ ದಿನ ಅಲೆಗಳ ಸದ್ದು ಬೇರೆಯಾಯಿತು, ಒರಟು ಅಲೆಗಳು, ಬಂಡೆಗೆ ಬಡಿಯುವಂಥವು. ಅಡುಗೆಮನೆಯ ಮಿಕ್ಸಿಯ ಸದ್ದಿನಲ್ಲೂ ಅದು ಕೇಳುತ್ತಿತ್ತು. ಡ್ರೈವರ್ ಏನೋ ತಮಾಷೆ ಹೇಳಿದಾಗ ಗಿರಿಜಾಗೆ ಇಲ್ಲಿ ಸ್ಟೂಲಿನ ಮೇಲೆ ನಗು ಉಕ್ಕಿತು. ಯಾಕೆ ನಕ್ಕೆ ಎಂಬುದು ಮಾತ್ರ ತಿಳಿಯಲಿಲ್ಲ. ನಗು ಅವಳದು, ತಮಾಷೆ ಅವಳಿಗೆ ದಕ್ಕಲಿಲ್ಲ. ಅದನ್ನು ನೆನೆದು ಹೊಟ್ಟೆಯಲ್ಲಿ ಉರಿ ಬಿತ್ತು. ತನ್ನ ಮೇಲೆಯೇ ತನಗೆ ಹೊಟ್ಟೆಕಿಚ್ಚು ಬರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಳೆ ನಿಂತು ಬಿಸಿಲು ಬಿತ್ತು. ಗಿರಿಜಾ ಗಂಟು ನೋಡಿಬರೋಣವೆಂದು ಮೇಲೆ ಹೋದಳು. ಮಣೆ ಖಾಲಿಯಿತ್ತು. ಶಾಂತಮ್ಮನ ಮುಖ ಬಿಳಿಚಿಕೊಂಡಿತು.

“ಈಗ ತಾನೆ ನೀನೇ ಬಂದು ತಗೊಂಡು ಹೋದೆಯಲ್ಲೇ. ‘ಹೊರಟೆ ಶಾಂತಮ್ಮ’ ಅಂದೆ. ನಗ್ತಿದ್ದೆ…” ಅವರು ಗಿರಿಜಾಳನ್ನು ಹುಡುಕುವವರಂತೆ ಕಣ್ಣು ಕಿರಿದುಮಾಡಿದರು. “ಗಿರಿಜಾ? ಅಲ್ಲೇ ಇದ್ದೀಯಾ?”

ಶಾಂತಮ್ಮನಿಗೂ ಅವಳು ಕಾಣದಾಗಿದ್ದಳು. ಗಿರಿಜಾ ಮೆಟ್ಟಿಲಿಳಿದು ಓಡಿದಳು. ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಬಂದು ಬಾಗಿಲು ಹಾಕಿ, ಚಿಲಕ ಎಳೆದು ತಿರುಗುವಷ್ಟರಲ್ಲಿ ಬೆಲ್ ಆಯಿತು.

ಸೋಫಾದ ಮೇಲೆ ಪೇಪರ್ ಹಿಡಿದಿದ್ದ ಚಿದಾನಂದ ತಲೆಯೆತ್ತಿದ. ಗಿರಿಜಾಳ ಕೈ ಚಿಲಕದ ಮೇಲೇ ಇತ್ತು. ಎಳೆದರೆ ಮುಗಿಯಿತು. ಹೊರಗೆ ಯಾರೂ ಇರುವುದಿಲ್ಲ, ನಾಳೆಯಿಂದ ಮೂರು ತಟ್ಟೆ, ಸಿಲ್ವಿಯಾ ‘ಮಾಮಾ, ಕಾಲು’ ಎನ್ನುತ್ತಾಳೆ. ಅಪ್ಪು ಮತ್ತೆ ಅವಳ ಅಪ್ಪು.

ಎಳೆಯುವ ಮುನ್ನ, ಸುಮ್ಮನೆ, ಬಾಗಿಲಿನ ಪುಟ್ಟ ಗಾಜಿನ ಕಣ್ಣಿಗೆ ಕಣ್ಣಿಟ್ಟಳು.

ಹೊರಗೆ ನಿಂತಿದ್ದವಳು ನೀಲಿ ಹತ್ತಿಸೀರೆ ಉಟ್ಟಿದ್ದಳು. ಕೂದಲು ಕೆದರಿತ್ತು. ಎಡಗಡೆ ಮುಖ ಸುಟ್ಟು ಕಪ್ಪಾಗಿತ್ತು, ಮೂಗಿನ ತುದಿ ಸುಲಿದಿತ್ತು. ಒಂದು ಕೈಯಲ್ಲಿ ಪಾಸ್‌ಪೋರ್ಟಿನ ಕೈಚೀಲ, ಇನ್ನೊಂದರಲ್ಲಿ ಅದೇ ನೀಲಿ ಸೀರೆಯ ಗಂಟು. ಅವಳು ನಗುತ್ತಿರಲಿಲ್ಲ, ನಕ್ಕು ಮುಗಿಸಿದ್ದಳು. ಆ ತೃಪ್ತಿ ಇನ್ನೂ ಮುಖದ ಮೇಲಿತ್ತು. ಐವತ್ತು ವರ್ಷದಲ್ಲಿ ಯಾವ ಕನ್ನಡಿಯಲ್ಲೂ ಗಿರಿಜಾ ತನ್ನ ಮುಖವನ್ನು ಹೀಗೆ ಕಂಡಿರಲಿಲ್ಲ. ಈ ಚಿಲಕ ಎಳೆದರೆ ಆ ಮುಖ ಇಲ್ಲವಾಗುತ್ತದೆ. ಹೊರಗಷ್ಟೇ ಅಲ್ಲ, ತನ್ನೊಳಗೂ.

ಅವಳು ಕೈ ತೆಗೆದು ಪಕ್ಕಕ್ಕೆ ನಿಂತಳು.

“ನಾನೇ ತೆಗೀತೀನಿ,” ಎಂದು ಚಿದಾನಂದ ಬಂದು ಚಿಲಕ ಎಳೆದ. “ಓಹೋ! ಬಂದ್ಯಾ! ಅಪ್ಪೂ, ನಿಮ್ಮಮ್ಮ ಬಂದಳು ನೋಡೇ! ಏನೇ ಇದು, ಹೀಗೆ ಕರ್‍ರಗಾಗಿದ್ದೀಯ?”

ಅಪೇಕ್ಷಾ ಓಡಿಬಂದು ತಬ್ಬಿಕೊಂಡಳು. “ಓ ಮೈ ಗಾಡ್ ಮಾಮ್, ಯು ಲುಕ್ ಅಮೇಜಿಂಗ್!” ಚಿದಾನಂದನ ಕಣ್ಣು ಒದ್ದೆಯಾಗಿತ್ತು. ಇಷ್ಟು ವರ್ಷದಲ್ಲಿ ಹೆಂಡತಿಯನ್ನು ಅವನು ಹೀಗೆ ದಿಟ್ಟಿಸಿ ನೋಡಿದ್ದೇ ಇಲ್ಲ. ಗಿರಿಜಾ ಗೋಡೆಗೆ ಒರಗಿ ಅದನ್ನು ನೋಡಿದಳು.

ಬಂದವಳು ಮಗಳ ಹೆಗಲ ಮೇಲಿಂದ ನೇರವಾಗಿ ಗಿರಿಜಾಳನ್ನೇ ನೋಡಿದಳು. ಗುರುತಿನವಳನ್ನು ನೋಡುವ ಹಾಗೆ. ಗಂಡನಿಗೂ ಮಗಳಿಗೂ ಕಾಣದಂತೆ ಕೈಚೀಲವನ್ನೂ ಗಂಟನ್ನೂ ಬಾಗಿಲ ಹೊರಗೆ ಚಾಪೆಯ ಮೇಲೆ ಇಳಿಸಿದಳು. ಆಮೇಲೆ ಅವರಿಬ್ಬರನ್ನೂ ಮೆಲ್ಲಗೆ ಒಳಕ್ಕೆ ಸರಿಸಿಕೊಂಡು, ಹೊರಡುವವರಿಗೆ ಬಿಡುವ ಹಾಗೆ, ಹೊಸ್ತಿಲ ಬಳಿ ಒಬ್ಬರಿಗೆ ಸಾಕಾಗುವಷ್ಟು ದಾರಿ ಬಿಟ್ಟಳು.

ಗಿರಿಜಾ ಹೊರಗೆ ಬಂದಳು. ಬಾಗಿಲು ಹಿಂದೆ ಮುಚ್ಚಿತು. ಬಗ್ಗಿ ಎತ್ತಿಕೊಂಡರೆ ಗಂಟು ಒಣಗಿತ್ತು. ಒಳಗೆ ಅಕ್ಕಿ, ಅರಿಸಿನದ ಕೊನೆ, ಅಡಿಕೆ. ಈಗ ತಾನೆ ಕಟ್ಟಿದ ಹಾಗಿತ್ತು. ಮುಚ್ಚಿದ ಬಾಗಿಲಿನ ಆಚೆಯಿಂದ ಮಾತು ಕೇಳಿಸಿತು.

“ಮುಂದಿನ ಸಲ ಮೂರೂ ಜನ ಹೋಗೋಣ ಕಣೇ, ಡಿಸೆಂಬರಲ್ಲಿ,” ಎನ್ನುತ್ತಿದ್ದ ಚಿದಾನಂದ, ಮನಸಾರೆ.

“ನೋಡೋಣ,” ಎಂದಿತು ಗಿರಿಜಾಳ ದನಿ.

ಗೇಟಿನಲ್ಲಿ ವಿನ್ಸೆಂಟ್ ರೇಡಿಯೋ ಕೇಳುತ್ತ ಕೂತಿದ್ದ, ತಲೆ ಎತ್ತಲಿಲ್ಲ. ರಸ್ತೆಯ ಮೇಲೆ ಮಳೆನೀರು ಇನ್ನೂ ಆರಿರಲಿಲ್ಲ. ವೆಸ್ಟ್‌ಲ್ಯಾಂಡ್ಸ್ ಸ್ಟೇಜಿನವರೆಗೂ ಗಿರಿಜಾ ಕೈಚೀಲವನ್ನು ಹೆಗಲಿಗೆ ಹಾಕಿ, ಗಂಟನ್ನು ಎದೆಗೊತ್ತಿಕೊಂಡು ಅಳುತ್ತಲೇ ನಡೆದಳು. ಅಲ್ಲಿ ಭಾನುವಾರದ ಜನ, ಎಂದಿನ ಗದ್ದಲ. ಅವಳು ಬದಿಯಲ್ಲಿ ನಿಂತಳು, ಯಾರೂ ಕರೆಯಲಾರರೆಂದು ಗೊತ್ತಿದ್ದೂ.

ಮಟಾಟು ಒಂದು ಅವಳ ಮುಂದೆಯೇ ಬಂದು ನಿಂತಿತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಹುಡುಗ ಅವಳತ್ತ ಕೈ ಚಾಚಿ ಕೂಗಿದ. “ಮಾಮಾ! ಎಂಬಕಸಿ, ಏರ್‌ಪೋರ್ಟ್! ಟುವೆಂಡೆ, ಮಾಮಾ, ಹೋಗೋಣ!”

ಅವಳು ಹಿಂದೆ ತಿರುಗಿ ನೋಡಿದಳು. ಅವಳ ಹಿಂದೆ ಯಾರೂ ಇರಲಿಲ್ಲ. ಗಿರಿಜಾ ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿದಳು. ಎಡಗಡೆ ಕಿಟಕಿಯ ಸೀಟು ಖಾಲಿಯಿತ್ತು.